ಬೀರಪ್ಪನ ಹದಿಮೂರನೆಯ ದಾರ

ಟೈಪರೈಟರ್ ಮುಂದೆ ಕೂತವನಿಗೆ ತಾನೇ ಲೋಕವನ್ನು ನಡೆಸುತ್ತಿದ್ದೇನೆ ಎಂಬ ಭ್ರಮೆ ಹುಟ್ಟುತ್ತದೆ. ಧಾರವಾಡದ ವಕೀಲರೊಬ್ಬರ ಬಳಿ ಟೈಪಿಸ್ಟನಾಗಿದ್ದ ನನಗೂ ಹುಟ್ಟಿತ್ತು. ಬೀರಪ್ಪನ ವಿಷಯ ಬರೆಯುವ ಮೊದಲೇ ಇದನ್ನು ಒಪ್ಪಿಕೊಂಡುಬಿಡುತ್ತೇನೆ.

ವಕೀಲರಿಗೆ ಹಕ್ಕಿಗಳ ಹುಚ್ಚು. ಮುಂಬಯಿಯಿಂದ ಮೂರು ತಿಂಗಳಿಗೊಮ್ಮೆ ಬರುವ ಪ್ರಾಣಿಶಾಸ್ತ್ರದ ಪತ್ರಿಕೆಯನ್ನು ತರಿಸುತ್ತಿದ್ದರು. ನಾನು ಅದರ ಮೇಲೆ ಚಹಾದ ಬಸಿ ಇಡುತ್ತಿದ್ದೆ. ೧೯೪೨ರ ಜುಲೈನಲ್ಲಿ ಕಂಬಳಿ ಮಾರಲು ಬಂದ ಮುದುಕನೊಬ್ಬ ಆ ಬಸಿಯನ್ನು ಸರಿಸಿ ಕೆಳಗಿದ್ದ ಹಕ್ಕಿಯ ಚಿತ್ರ ನೋಡಿದ.

"ನಮ್ಮ ಕರಿತಲಿ ಇಲ್ಲ್ಯಾಕ ಬಂದೈತ್ರಿ, ರಾಯರ?"

ಬಿಳಿ ಮೈ, ಬೋಳಾದ ಕಪ್ಪು ತಲೆ, ಕುಡುಗೋಲಿನಂತೆ ಬಾಗಿದ ಕೊಕ್ಕು. ಮುಗದ ಊರಿನಾಚೆಯ ಸಣ್ಣ ಕೆರೆಯೊಂದರಲ್ಲಿ, ನೀರಿನೊಳಗೆ ನಿಂತ ಜಾಲಿ ಗಿಡಗಳ ಮೇಲೆ ಇವು ವರ್ಷವೂ ಗೂಡು ಕಟ್ಟುತ್ತವೆ ಎಂದ ಆ ಮುದುಕ, ಬೀರಪ್ಪ. ಬರುವ ದೀಪಾವಳಿಗೆ ಆ ಗಿಡಗಳನ್ನು ಕಡಿಯುವುದು ಗೊತ್ತಾಗಿತ್ತು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು, ಇದ್ದಿಲು ಸುಡಲು ಕಟ್ಟಿಗೆ ಬೇಕಿತ್ತು. ಬೀರಪ್ಪ ಕೈಮುಗಿದು ಕೇಳಿದ್ದಕ್ಕೆ, ಗಿಡ ಕಡಿಸುವ ಸಾಹೇಬ ನಕ್ಕು, ನಿನ್ನ ಹಕ್ಕಿಯ ಸುದ್ದಿ ಯಾವುದಾದರೂ ಶಾಸ್ತ್ರದ ಪುಸ್ತಕದಲ್ಲಿ ಅಚ್ಚಾಗಿದ್ದರೆ ತಂದು ತೋರಿಸು, ಬಿಡುತ್ತೇನೆ ಎಂದಿದ್ದನಂತೆ. ಅವನು ಚೇಷ್ಟೆಗೆ ಅಂದದ್ದನ್ನು ಬೀರಪ್ಪ ಮಾತು ಕೊಟ್ಟಿದ್ದಾನೆಂದೇ ನಂಬಿದ್ದ.

ವಕೀಲರ ಪತ್ರಿಕೆಗೇ ಬರೆದು ಕಳಿಸೋಣವೆಂದು ಆ ಭಾನುವಾರ ರೈಲು ಹತ್ತಿ ಮುಗದಕ್ಕೆ ಹೋದೆ. ಬೀರಪ್ಪ ಕುರುಬ. ಹನ್ನೆರಡು ವರ್ಷದ ಹಿಂದೆ ಮೊಣಕಾಲು ಮುರಿದು, ಹಿಂಡಿನ ಜೊತೆ ಊರೂರು ತಿರುಗುವುದು ನಿಂತಿತ್ತು. ಮಕ್ಕಳು ಕುರಿ ಹೊಡೆದುಕೊಂಡು ಹೋಗುವರು. ಇವನು ಕೆರೆ ಏರಿಯ ಮೇಲೆ ಮರಿಗಳನ್ನು ಕಾಯುತ್ತ ಉಣ್ಣೆ ನೂಲುವನು. ನೂಲುತ್ತ ಹಕ್ಕಿ ನೋಡುವನು. ವರ್ಷಕ್ಕೊಂದು ಕರಿ ಉಣ್ಣೆಯ ದಾರ. ವೈಶಾಖದ ಆಗಿ ಹುಣ್ಣಿಮೆಯ ದಿನ ಒಂದು ದೊಡ್ಡ ಗಂಟು. ಅಲ್ಲಿಂದ ಕರಿತಲೆಗಳು ಬರುವವರೆಗೆ ದಿನಕ್ಕೊಂದು ಸಣ್ಣ ಗಂಟು. ಆಮೇಲೆ ಬಿಳಿ ಎಳೆ ಸೇರಿಸಿ ಗೂಡಿಗೊಂದು ಗಂಟು. ಇಂಥ ಹನ್ನೆರಡು ದಾರಗಳು ಮನೆಯ ಜಂತಿಗೆ ತೂಗಿದ್ದವು.

ಹೆಂಡತಿ ಮಾಳವ್ವ ನನಗೆ ಮಜ್ಜಿಗೆ ಕೊಡುತ್ತ ಹೇಳಿದಳು: "ಹಕ್ಕಿ ಬಂದ ದಿನಾ ಕೇಳ್ರಿ, ಗಂಟ ಮುಟ್ಟಿ ಹೇಳತಾನ. ಹಿರೇ ಮಗ ಎಂದ ಹುಟ್ಟಿದ ಅಂತ ಕೇಳ್ರಿ, ನನ್ನ ಮಾರಿ ನೋಡತಾನ."

ಗಂಟುಗಳನ್ನೆಲ್ಲ ಎಣಿಸಿ ಬರೆದುಕೊಂಡು ಬಂದೆ. ಪತ್ರಿಕೆಗೆ ಇಂಗ್ಲಿಷ್ ತಾರೀಖು ಬೇಕು. ಹನ್ನೆರಡು ವರ್ಷದ ಹಳೆಯ ಪಂಚಾಂಗಗಳು ನಮ್ಮ ಓಣಿಯ ಪುರೋಹಿತರಾದ ಆಚಾರ್ಯರ ಮನೆಯ ಅಟ್ಟದ ಮೇಲಿದ್ದವು. ಅಟ್ಟ ಹತ್ತಿದರೆ ಧೋತರ ಧೂಳಾಗುತ್ತದೆ. ಕಚೇರಿಯ ಗೋಡೆಗೆ ಆ ವರ್ಷದ್ದೊಂದು ತೂಗುತ್ತಿತ್ತು. ಅದರಲ್ಲಿ ಆಗಿ ಹುಣ್ಣಿಮೆ ಏಪ್ರಿಲ್ ಮೂವತ್ತು. ಎಲ್ಲ ವರ್ಷಗಳಿಗೂ ಅದನ್ನೇ ಹಿಡಿದು, ನಾಲ್ಕು ದಿನ ಹೆಚ್ಚುಕಡಿಮೆ ಆದರೆ ಯಾರು ಕೇಳುತ್ತಾರೆ ಎಂದುಕೊಂಡು, ಗಂಟುಗಳನ್ನು ಕೂಡಿಸಿ, ಅಂದವಾಗಿ ಟೈಪ್ ಮಾಡಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ. ವಕೀಲರು ಭೇಷ್ ಎಂದು ಮುಂಬಯಿಗೆ ಕಳಿಸಿದರು.

ಆಗಸ್ಟ್ ಕೊನೆಗೆ ಸಂಪಾದಕರ ಕಾಗದ ಬಂತು. ಟಿಪ್ಪಣಿ ಬಹಳ ಬೆಲೆಯುಳ್ಳದ್ದು, ಸಪ್ಟೆಂಬರ್ ಸಂಚಿಕೆಗೆ ಜಾಗವನ್ನೂ ಇಟ್ಟಿದ್ದೆವು. ಆದರೆ ಕೆಲವು ವರ್ಷ ನಿಮ್ಮ ಹಕ್ಕಿಗಳು ಮಳೆಗಿಂತ ಮೂರು ವಾರ ಮೊದಲೇ, ಒಣಗಿದ ಕೆರೆಯಲ್ಲಿ ಗೂಡು ಕಟ್ಟಿವೆಯಲ್ಲ, ತಾರೀಖುಗಳು ಖಚಿತವೇ?

ಅಧಿಕ ಮಾಸ ಬರುತ್ತದೆ, ಹುಣ್ಣಿಮೆಯ ತಾರೀಖು ವರ್ಷವರ್ಷಕ್ಕೂ ಹಿಂದುಮುಂದಾಗುತ್ತದೆ ಎಂಬುದು ಹೋಳಿಗೆಗೆ ಕಾಯುವ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಮುಗದಕ್ಕೆ ಹೋಗಿ ತಪ್ಪೊಪ್ಪಿಕೊಂಡೆ.

"ಎಲ್ಲಾ ವರ್ಷಕ್ಕೂ ಒಂದ ಹುಣ್ಣಿವಿ ಹಚ್ಚಿದ್ರೇನ್ರಿ?" ಬೀರಪ್ಪ ನೂಲುವುದನ್ನು ನಿಲ್ಲಿಸಿದ. "ನಮ್ಮ ಕುರಿ ಸುದ್ದಾ ಹಂಗ ಮಾಡೂದಿಲ್ಲರಿ, ರಾಯರ."

ಅಟ್ಟ ಹತ್ತಿದೆ. ಒಂದೊಂದು ವರ್ಷದ ಹುಣ್ಣಿಮೆ ಹುಡುಕಿ ಮತ್ತೆ ಎಣಿಸಿದೆ. ಒಂದು ದಾರದಲ್ಲಿ ಇಪ್ಪತ್ತೆಂಟು ಗಂಟು, ಇನ್ನೊಂದರಲ್ಲಿ ನಲವತ್ತೊಂಬತ್ತು. ಆದರೂ ಹನ್ನೆರಡು ವರ್ಷವೂ ಕರಿತಲೆಗಳು ಬಂದದ್ದು ಜೂನ್ ನಡುವಿನ ಅದೇ ಹತ್ತು ದಿನಗಳೊಳಗೆ. ಅಷ್ಟು ನಿಯತ್ತಿನ ಹಕ್ಕಿಗಳನ್ನು ನಾನು ಅಂಡಲೆಯುವಂತೆ ಮಾಡಿದ್ದೆ.

ತಿದ್ದಿದ್ದನ್ನು ಮುಂಬಯಿಗೆ ಕಳಿಸಿದೆವು. ಸಪ್ಟೆಂಬರ್ ತಪ್ಪಿತು, ಮುಂದಿನ ಡಿಸೆಂಬರ್ ಸಂಚಿಕೆಯಲ್ಲಿ ಅಚ್ಚಾಗುವುದೆಂದು ಉತ್ತರ ಬಂತು. ಆ ಉತ್ತರವನ್ನೇ ಹಿಡಿದು ನಾನೂ ಬೀರಪ್ಪನೂ ಸಾಹೇಬನ ಮುಂದೆ ನಿಂತೆವು. ಕಾಗದ ಕಾಗದವೇ, ಅಚ್ಚು ಅಚ್ಚೇ ಎಂದ ಅವನು. ದೀಪಾವಳಿಯ ಪಾಡ್ಯದ ಮರುದಿನ ಕೊಡಲಿ ಬಿದ್ದಿತು.

ಕಾಗದದ ಅಭಾವದಿಂದ ಡಿಸೆಂಬರಿನ ಸಂಚಿಕೆ ಧಾರವಾಡ ಮುಟ್ಟಿದ್ದು ಮರುವರ್ಷ ಜುಲೈಯಲ್ಲಿ. ಪುಟ ನಾನೂರ ಹನ್ನೊಂದು, ಒಂದೂವರೆ ಪುಟ, ಬೀರಪ್ಪನ ಹೆಸರೂ ಇತ್ತು. ಅದನ್ನು ಹಿಡಿದುಕೊಂಡು ಮುಗದಕ್ಕೆ ಹೋದೆ. ಕೆರೆಯಲ್ಲಿ ನೀರು ತುಂಬಿತ್ತು, ಅದರ ಮೇಲೆ ಬೋಳು ಬೊಡ್ಡೆಗಳು ಎದ್ದಿದ್ದವು. ಬೀರಪ್ಪ ಈಚೆಗೆ ಹಾಸಿಗೆ ಹಿಡಿದಿದ್ದ. ಇಂಗ್ಲಿಷನ್ನು ಕನ್ನಡ ಮಾಡುತ್ತ ಓದಿದೆ. ವರ್ಷ, ದಿನ, ಗೂಡು. ಒಂದೊಂದಕ್ಕೂ ಅವನು ಹೂಂ ಅಂದ. ಹನ್ನೆರಡಕ್ಕೆ ನಿಲ್ಲಿಸಿದೆ.

"ಇನ್ನೊಂದೈತ್ರಿ," ಎಂದು ತಲೆದಿಂಬಿನ ಕೆಳಗಿಂದ ಹೊಸ ದಾರ ತೆಗೆದ. ದೊಡ್ಡ ಗಂಟು, ಅದರ ಹಿಂದೆ ಮೂವತ್ತು ಸಣ್ಣ ಗಂಟು. ಬಿಳಿ ಎಳೆ ಬರಿದಾಗಿ ಜೋಲುತ್ತಿತ್ತು. "ದಿನಾ ತಪ್ಪಲಿಲ್ಲ, ಬಂದಿದ್ದುವು. ಎರಡ ದಿನಾ ಮ್ಯಾಲ ತಿರಗಿ ಹೋದುವು. ಇದನೂ ಬರೀರಿ. ಈ ಸಲ ಹುಣ್ಣಿವಿ ನೋಡಿ ಬರೀರಿ."

ಧಾರವಾಡಕ್ಕೆ ಮರಳಿದವನು ನೇರವಾಗಿ ಆಚಾರ್ಯರ ಮನೆಗೆ ಹೋದೆ. ಆ ವರ್ಷದ ಪಂಚಾಂಗ ಕೇಳಿ, ಆಗಿ ಹುಣ್ಣಿಮೆಯ ಸಾಲನ್ನು ಬೆರಳಿಟ್ಟು ಎರಡು ಸಲ ಓದಿಕೊಂಡೆ.