ಬರೆದುಕೊಂಡ ಹುಬ್ಬು

ಅವರ ಎಡಹುಬ್ಬಿನಲ್ಲಿ ಒಂದೇ ಒಂದು ಕೂದಲು ಇರಲಿಲ್ಲ. ಅಲ್ಲಿ ಇದ್ದದ್ದು ಕಾಡಿಗೆ. ಬಲಹುಬ್ಬಿನ ಬಾಗು, ಅದರ ದಪ್ಪ, ತುದಿಗೆ ಚದುರಿದ ನಾಲ್ಕು ಕೂದಲು, ಎಲ್ಲವನ್ನೂ ಎಡಗಡೆಗೆ ಹಾಗೇ ಬರೆದುಕೊಂಡು, ಬೆಳಗಿನ ಚಹಾಕ್ಕೂ ಮೊದಲೇ ಕಟ್ಟೆಯ ಮೇಲೆ ಬಂದು ಕೂತಿರುತ್ತಿದ್ದರು. ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ನಮ್ಮೆದುರಿನ ಮನೆಯೇ ಅವರದು. ಆದರೂ ನನಗೆ ಹದಿನೈದು ತುಂಬುವವರೆಗೆ ಅದು ಬರೆದ ಹುಬ್ಬೆಂದು ಗೊತ್ತಾಗಲಿಲ್ಲ ಅಂದರೆ ಅವರ ಕೈ ಎಂಥದು ನೋಡಿ.

ಊರಿಗೆಲ್ಲ ಅವರು ಬಣ್ಣದ ಕಾಕಾ. ಹಳ್ಳಿಯವರು ನಾಟಕ ಆಡಿದರೆ, ಶಾಲೆಯಲ್ಲಿ ವರ್ಷದ ಗ್ಯಾದರಿಂಗ್ ಇದ್ದರೆ, ಪಾತ್ರದವರ ಮುಖಕ್ಕೆ ಬಣ್ಣ ಹಚ್ಚುವುದು ಅವರ ಕಸುಬು. ತಾಳಿಕೋಟೆ, ನಾಲತವಾಡ, ಬಸವನ ಬಾಗೇವಾಡಿ, ಎಲ್ಲಿಂದ ಕರೆ ಬಂದರೂ ಒಂದು ತಗಡಿನ ಪೆಟ್ಟಿಗೆ ಹಿಡಿದು ಬಸ್ಸು ಹತ್ತುತ್ತಿದ್ದರು. ಅದರಲ್ಲಿ ಬಿಳಿಯ ಸಫೇದಾ, ಹಳದಿಯ ಅರದಾಳ, ಕೆಂಪಿನ ಇಂಗಳೀಕ, ಒಂದು ಬಾಟಲಿ ಕೊಬ್ಬರಿ ಎಣ್ಣೆ, ಒಂದು ಗಂಟು ಅರಳೆ. ಹರೆಯದಲ್ಲಿ ಅವರೇ ಸ್ತ್ರೀಪಾತ್ರ ಮಾಡುತ್ತಿದ್ದರಂತೆ. ಮದುವೆ ಮಾಡಿಕೊಳ್ಳಲಿಲ್ಲ, ಅಕ್ಕನ ಜೊತೆ ಇದ್ದರು. ಬಾಯಿ ಮಾತ್ರ ಬಹಳ ಹರಿತ. ಪಾತ್ರದವನು ಯಾವ ಊರ ಗೌಡನಾಗಿರಲಿ, ಸ್ನೋ ಕ್ರೀಮು ಬಳಿದುಕೊಂಡು ಬಂದು ಎದುರಿಗೆ ಕೂತರೆ ಸಾಕು, ಎಣ್ಣೆಯ ಅರಳೆ ತೆಗೆದುಕೊಂಡು ಮುಖ ತಿಕ್ಕುತ್ತಿದ್ದರು.

"ಮೊದಲ ಮಾರಿ ಸ್ವಚ್ಛ ಆಗ್ಲಿ. ಹಳೇ ಬಣ್ಣದ ಮ್ಯಾಲ ಹೊಸಾ ಬಣ್ಣ ಕೂಡಂಗಿಲ್ಲ," ಅನ್ನುವುದು ಅವರ ಶಾಸ್ತ್ರ. ಈ ಶಾಸ್ತ್ರವನ್ನು ಅವರು ಯಾರಿಗಾಗಿಯೂ ಬಿಟ್ಟವರಲ್ಲ. ನನ್ನ ಗುಟ್ಟು ಅವರಿಗೆ ಗೊತ್ತಾದದ್ದೂ ಅದರಿಂದಲೇ.

ನಾನು ಕಪ್ಪು. ಈಗ ಹೇಳಿಕೊಳ್ಳಲು ಏನೂ ಅನ್ನಿಸುವುದಿಲ್ಲ. ಆಗ ಸತ್ತುಹೋಗಬೇಕು ಅನ್ನಿಸುತ್ತಿತ್ತು. ಒಂಬತ್ತನೇ ಇಯತ್ತೆಯಲ್ಲಿ ನನ್ನ ಬೆಂಚಿನ ಹುಡುಗಿಯರು ಮಧ್ಯಾಹ್ನದ ಬಿಡುವಿನಲ್ಲಿ ಮೊಣಕೈಗೆ ಮೊಣಕೈ ಹಚ್ಚಿ ಬಣ್ಣ ಹೋಲಿಸಿ ನೋಡುತ್ತಿದ್ದರು. ನನ್ನ ಸರದಿ ಬಂದರೆ, "ನೀ ಬ್ಯಾಡ ಬಿಡವಾ, ನಮಗೂ ಹತ್ತೀತು," ಎಂದು ನಗುತ್ತಿದ್ದರು. ಅವ್ವ ಕಡಲೆಹಿಟ್ಟು, ಕೆನೆ, ಅರಿಸಿನ ಎಲ್ಲ ಮುಗಿಸಿ, "ಇದರ ಹಣೇಬಾರದಾಗ ಯಾಂವ ಬರದಾನೋ," ಎಂದು ಕೈ ಚೆಲ್ಲಿದ್ದಳು. ನಾನು ಗೆಳತಿಯೊಬ್ಬಳಿಂದ ಬೆಳ್ಳಗಾಗುವ ಕ್ರೀಮಿನ ಟ್ಯೂಬು ಇಸಿದುಕೊಂಡು, ಅದರ ಮೇಲೆ ಪೌಡರು ಬಡಿದುಕೊಂಡು, ಹಿಟ್ಟಿನ ಗಿರಣಿಯಿಂದ ಎದ್ದು ಬಂದವಳ ಹಾಗೆ ಶಾಲೆಗೆ ಹೊರಟೆ. ಕಾಕಾ ಕಟ್ಟೆಯಿಂದಲೇ ಕೂಗಿದರು:

"ಏ ಯವ್ವಾ! ಕಪ್ಪ ಮಾರಿಗೆ ಬಿಳೇದು ಬಡದ್ರ ಬೂದಿಬಣ್ಣ ಬರತೈತಿ. ಬೂದಗುಂಬಳಕಾಯಿ ಆಗೀದಿ, ಹೋಗಿ ತೊಳಕೋ!"

ನಾನು ಅವರ ಕಡೆ ತಿರುಗಿಯೂ ನೋಡದೆ ಹೋದೆ. ಅವತ್ತು ಸಂಜೆ ಅಣ್ಣ ನನಗೆ ಮೊದಲ ಸಲ ಹೊಡೆದ.

ಅಣ್ಣನಿಗೆ ಆಗ ಇಪ್ಪತ್ತೆರಡು. ಅಪ್ಪ ಆಲಮಟ್ಟಿಯಲ್ಲಿ ಕಾಲುವೆ ಕೆಲಸದ ಜೀಪು ಓಡಿಸುತ್ತ ಅಲ್ಲೇ ಇರುತ್ತಿದ್ದ, ಐತವಾರ ಬೆಳಗಿನ ಬಸ್ಸಿಗೆ ಬಂದು ಸಂಜೆ ಹೋಗುತ್ತಿದ್ದ. ಉಳಿದ ಆರು ದಿನ ಮನೆಗೆ ಅಣ್ಣನೇ ಯಜಮಾನ. ಚಹಾದಂಗಡಿಯಲ್ಲಿ ಯಾರೋ, "ನಿನ್ನ ತಂಗಿ ಭಾರಿ ಪೌಡರ್ ಹಚ್ಚಾಕತ್ತಾಳಲ್ಲೋ," ಅಂದಿದ್ದರಂತೆ. ಬಂದವನೇ ಜಡೆ ಹಿಡಿದು ಗೋಡೆಗೆ ಬಡಿದ. "ಯಾರಿಗೆ ತೋರಸಾಕ ಹಚ್ಚೀದಿ? ಹೇಳ, ಯಾರಿಗೆ?" ಅಂದವನು ಸೊಂಟದ ಬೆಲ್ಟು ಬಿಚ್ಚಿದ. ಬೆಲ್ಟಿನ ಬಿಲ್ಲೆ ಗಲ್ಲಕ್ಕೆ ಬಿತ್ತು. ಮರುದಿನ ಗಲ್ಲ ನೀಲಿಗಟ್ಟಿದ್ದನ್ನು ನೋಡಿ ಅವ್ವ ಏನು ಮಾಡಿದಳು ಗೊತ್ತೇ? ಅದೇ ಪೌಡರಿನ ಡಬ್ಬಿ ತಂದು ತಾನೇ ಹಚ್ಚಿದಳು. ಪೌಡರ್ ಹಚ್ಚಿದ್ದಕ್ಕೆ ಏಟು, ಏಟು ಮುಚ್ಚಲು ಪೌಡರ್. ಪೌಡರ್ ಕಂಡರೆ ಅಣ್ಣನಿಗೆ ಮತ್ತೆ ಸಿಟ್ಟು. ಆ ಗಾಣದಲ್ಲಿ ಒಂದು ವರ್ಷ ತಿರುಗಿದೆ.

ಅಪ್ಪನಿಗೆ ಹೇಳಲಿಲ್ಲವೇ ಎಂದು ಕೇಳುತ್ತೀರಿ. ಹೇಳಲಿಲ್ಲ. ಅವ್ವ ತನ್ನ ತಲೆಯ ಮೇಲೆ ನನ್ನ ಕೈ ಇಡಿಸಿ ಆಣೆ ಹಾಕಿಸಿದ್ದಳು. ಅಣ್ಣ, "ಅಪ್ಪನ ಮುಂದ ಬಾಯಿ ಬಿಟ್ಟಿ ಅಂದ್ರ ಸಾಲಿ ಬಿಡಿಸಿ ಇಂಡಿಗೆ ಕೊಟ್ಟು ಕೈ ತೊಳಕೊಂತೇನಿ," ಅಂದಿದ್ದ. ಇಂಡಿ ಊರಿನ ಕಡೆ ಒಬ್ಬ ವರನನ್ನು ನೋಡಿಯೂ ಇದ್ದ. ನನಗೆ ಎಸ್ಸೆಸ್ಸೆಲ್ಸಿ ಮುಗಿಸಬೇಕಿತ್ತು. ಅಷ್ಟು ಮುಗಿದರೆ ಹೇಗಾದರೂ ಆ ಮನೆಯಿಂದ ಹೊರಗೆ ಬೀಳಬಹುದೆಂದು ಹಲ್ಲು ಕಚ್ಚಿಕೊಂಡಿದ್ದೆ.

ಹತ್ತನೇ ಇಯತ್ತೆಯ ಗ್ಯಾದರಿಂಗ್‌ನಲ್ಲಿ ನನ್ನದೊಂದು ದಾಸಿಯ ಪಾತ್ರ. ಕಪ್ಪಗಿದ್ದವರಿಗೆ ಮತ್ತೇನು ಕೊಡುತ್ತಾರೆ! ಬಣ್ಣದ ಕಾಕಾ ಎದುರಿಗೆ ಕೂರಿಸಿಕೊಂಡು, ಶಾಸ್ತ್ರದ ಪ್ರಕಾರ ಎಣ್ಣೆಯ ಅರಳೆಯಿಂದ ಗಲ್ಲ ಒರೆಸಿದರು. ಪೌಡರು ಹೋಯಿತು, ಐದು ಬೆರಳು ಮೂಡಿದವು. ಅರಳೆ ಅಲ್ಲೇ ನಿಂತಿತು. ನನ್ನ ಹಿಂದೆ ಏಳೆಂಟು ಹುಡುಗಿಯರು ಸರದಿಯಲ್ಲಿದ್ದರು. ಕಾಕಾ ತಟ್ಟನೆ ತಮ್ಮ ಮೈಯನ್ನು ಅಡ್ಡ ಹಿಡಿದು, ಅರದಾಳಕ್ಕೆ ತುಸು ಇಂಗಳೀಕ ಕಲಸಿ, ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ ತಟ್ಟಿ ಮುಚ್ಚಿದರು. ಕನ್ನಡಿಯಲ್ಲಿ ನೋಡಿದರೆ ನನ್ನದೇ ಕಪ್ಪು, ನನ್ನದೇ ಮುಖ, ಕಲೆ ಮಾತ್ರ ಇಲ್ಲ. ಮೊದಲ ಸಲ ನಾನು ಚಂದ ಕಂಡೆ. ಅಷ್ಟಕ್ಕೇ ಅತ್ತುಬಿಟ್ಟೆ.

"ಅಳಬ್ಯಾಡ, ಬಣ್ಣ ಹರೀತೈತಿ," ಅಂದರು ಕಾಕಾ. ಒಣ ಅರಳೆಯಿಂದ ನನ್ನ ಕಣ್ಣಂಚು ಒತ್ತಿದರು.

ಆ ಕೈಚಳಕ ಕಂಡ ಅವ್ವ ಮರುವಾರವೇ ನನ್ನನ್ನು ಅವರಲ್ಲಿಗೆ ಕರೆದುಕೊಂಡು ಹೋದಳು. "ಅಣ್ಣಾರ, ಒಂದೀಟ ಹಚ್ಚಿ ಕೊಡ್ರಿ. ಇವತ್ತ ಇವರಪ್ಪ ಬರ್ತಾರ. ಮನಿ ಮರ್ಯಾದಿ ನಿಮ್ಮ ಕೈಯಾಗ ಐತ್ರಿ," ಎಂದು ಸೆರಗೊಡ್ಡಿದಳು. ಕಾಕಾ ಹಚ್ಚಿದರು. ಮುಂದಿನ ಐತವಾರವೂ ಹಚ್ಚಿದರು. ಬೈಯುತ್ತಲೇ ಹಚ್ಚಿದರು. ಒಟ್ಟಿನಲ್ಲಿ ಮೂರು ತಿಂಗಳು ಹಚ್ಚಿದರು. ಅಪ್ಪ ಬಂದು ನನ್ನ ಗಲ್ಲ ಹಿಡಿದು, "ನನ್ನ ಮಗಳು ಹೆಂಗ ಕಳೆಗಟ್ಟೇತಿ ನೋಡು!" ಎಂದು ಖುಷಿಪಡುತ್ತಿದ್ದ. ಅವನ ಹೆಬ್ಬೆರಳು ನೋವಿನ ಮೇಲೆಯೇ ಒತ್ತುತ್ತಿತ್ತು. ನಾನು ನಗುತ್ತಿದ್ದೆ.

ಪರೀಕ್ಷೆಗೆ ಮೂರು ವಾರ ಉಳಿದಾಗ ಅಣ್ಣ ನನ್ನ ಪುಸ್ತಕಗಳನ್ನು ಒಲೆಗೆ ಹಾಕಿದ. ಇಂಡಿಯವರು ನೋಡಲು ಬರುವವರಿದ್ದರು, ನಾನು ಒಲ್ಲೆ ಅಂದಿದ್ದೆ. ಉರಿಯುವ ಪುಸ್ತಕಕ್ಕೆ ಕೈ ಹಾಕಿದವಳನ್ನು ಎಳೆದು ಒಲೆಯ ಊದುಗೊಳವೆಯಿಂದ ಹೊಡೆದ. ಕಬ್ಬಿಣದ್ದು. ಎಡಗಣ್ಣು ಮುಚ್ಚಿಹೋಯಿತು, ಕೆಳತುಟಿ ಸೀಳಿತು, ಒಂದು ಹಲ್ಲು ನೆಲಕ್ಕೆ ಬಿತ್ತು. ಅವ್ವ ಬಾಗಿಲು ಹಾಕಿಕೊಂಡು ಬಂದಳು, ಓಣಿಗೆ ಕೇಳಬಾರದೆಂದು. ಅದು ಶನಿವಾರ.

ಐತವಾರ ಬೆಳಗ್ಗೆ ಅವ್ವ ನನ್ನ ಮುಖಕ್ಕೆ ಸೆರಗು ಮುಚ್ಚಿ ಎದುರಿನ ಮನೆಗೆ ದಾಟಿಸಿದಳು. "ಹೆಂಗರ ಮಾಡ್ರಿ ಅಣ್ಣಾರ," ಅಂದಳು. ಕಾಕಾ ಸೆರಗು ಸರಿಸಿ ನೋಡಿದರು. ಪೆಟ್ಟಿಗೆ ತೆರೆದರು. ಬಣ್ಣ ಹಚ್ಚಲಿಕ್ಕೇ ಅಂದುಕೊಂಡೆವು. ಅವರು ಸಫೇದಾ ಮುಟ್ಟಲಿಲ್ಲ. ಕೊಬ್ಬರಿ ಎಣ್ಣೆಗೆ ಅರಳೆ ಅದ್ದಿ ತಮ್ಮ ಎಡಹುಬ್ಬಿಗೇ ಒತ್ತಿಕೊಂಡರು. ಹುಬ್ಬು ಅಳಿಸಿಹೋಯಿತು. ಅಲ್ಲಿ ಸುಟ್ಟು ಸುಕ್ಕಾದ, ಮೇಣದಂಥ ಚರ್ಮ.

"ನಮ್ಮಪ್ಪ ಮಾಡಿದ್ದು," ಅಂದರು. "ನಿನ್ನ ವಯಸ್ಸು ನನಗ. ರಾಣಿ ಪಾತ್ರಕ್ಕ ಹುಬ್ಬ ತೀಡಿಕೊಂಡಿದ್ನಿ. ಒಲಿಯಾಗಿನ ಕೊಳ್ಳಿ ತಂದು ಒತ್ತಿದಾ. ಊರ ಕೇಳಿದ್ರ ದೀಪ ತಾಗಿ ಸುಟ್ಟೇತಿ ಅಂತ ಹೇಳಿದ್ನಿ. ಮೂವತ್ತ ವರ್ಷ ಮುಚ್ಚಕೊಂಡ ಬಂದೇನಿ. ನಮ್ಮಪ್ಪನ ಮರ್ಯಾದಿ ಉಳೀತವ್ವಾ, ನಾ ಉಳೀಲಿಲ್ಲ."

ಅವ್ವ ಕಾಲು ಹಿಡಿಯಲು ಬಗ್ಗಿದಳು. "ನಿಮಗ ಕೈ ಮುಗೀತೇನಿ, ಇದೊಂದ ಸಲ..."

"ಇಲ್ಲಬೇ ತಂಗಿ. ಇನ್ನೊಂದು ಸಲ ಮುಚ್ಚಿದ್ರ ಆ ಮಗಾ ಇದನ್ನ ಕೊಂದ ಹಾಕ್ತಾನ. ಆವಾಗ ಹೆಣಕ್ಕೂ ನಾನ ಬಣ್ಣ ಹಚ್ಚಬೇಕೇನು?"

ನನ್ನ ಮುಂಗೈ ಹಿಡಿದು ಎದ್ದರು. ಸೆರಗಿಲ್ಲ, ಪೌಡರಿಲ್ಲ, ಒಡೆದ ಮುಖ ಹೊತ್ತು ನಾನು. ಬೋಳು ಹುಬ್ಬಿನ ಅವರು. ಅಪ್ಪನ ಬಸ್ಸು ಬರುವ ಹೊತ್ತಾಗಿತ್ತು. ಬಜಾರದ ನಡುವೆ ಬಸ್ ಸ್ಟ್ಯಾಂಡಿಗೆ ನಡೆದೆವು. ಅಂಗಡಿಯವರು ತೂಗುವುದನ್ನು ಬಿಟ್ಟು ನೋಡಿದರು. ನನ್ನ ಬೆಂಚಿನ ಹುಡುಗಿಯೊಬ್ಬಳು ಮಾಳಿಗೆಯ ಮೇಲಿಂದ ನೋಡಿ ಬಾಯಿಗೆ ಕೈ ಹಚ್ಚಿಕೊಂಡಳು. ನಾಚಿಕೆಯಿಂದ ತಲೆ ತಗ್ಗಿಸಿದೆ. "ತಲಿ ಎತ್ತು. ನಾಚಿಕಿ ಹೊಡದಾಂವಗ ಬರ್ಲಿ," ಎಂದು ಕಾಕಾ ಗದರಿದರು.

ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲೇ ಅಣ್ಣ ಕೂತಿದ್ದ. ನಮ್ಮನ್ನು ಕಂಡವನೇ ನುಗ್ಗಿ ಬಂದ. "ನಮ್ಮ ಮನಿ ವಿಚಾರಕ್ಕ ನೀ ಯಾಂವಲೇ, ಸೀರಿ ಉಡಾಂವ!" ಎಂದು ಕಾಕಾನ ಎದೆಗೆ ಒದ್ದ. ಅವರು ಬಿದ್ದರು, ನನ್ನ ಕೈ ಮಾತ್ರ ಬಿಡಲಿಲ್ಲ. ಬಿಡಿಸಲೆಂದು ಅಣ್ಣ ಅವರ ಬಲಗೈಯನ್ನು ಬೂಟುಗಾಲಿನಿಂದ ತುಳಿದ. ಒಂದು ಸಲ, ಎರಡು ಸಲ, ಮೂರು ಸಲ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಜನ ಸುತ್ತ ನಿಂತು ನೋಡುತ್ತಿದ್ದರು, ಥೂ! ಅಷ್ಟರಲ್ಲಿ ಆಲಮಟ್ಟಿಯ ಬಸ್ಸು ಬಂದು ನಿಂತಿತು.

ಅಪ್ಪ ಇಳಿದ. ಗುಂಪು ಸರಿಸಿ ಬಂದವನು ನನ್ನನ್ನು ಕಂಡ. ಕೈಚೀಲ ಜಾರಿ ಬಿತ್ತು.

"ಯಾರ ಹೊಡದಾರ?"

ಅವ್ವನ ಆಣೆ ನೆನಪಾಯಿತು, ಇಂಡಿ ನೆನಪಾಯಿತು. ನೆಲದ ಮೇಲೆ ಬಿದ್ದವರು ಬೋಳುಹುಬ್ಬನ್ನು ಎತ್ತಿ ನನ್ನನ್ನೇ ನೋಡುತ್ತಿದ್ದರು.

"ಅಣ್ಣ," ಅಂದೆ. "ಒಂದ ವರ್ಷ ಆತಪಾ."

"ವಾರವಾರ ಬಂದೇನಲ್ಲ ನಾನು! ನನಗ್ಯಾಕ ಕಾಣಲಿಲ್ಲ?" ಎಂದು ಅಪ್ಪ ಕಿರುಚಿದ.

"ನಾ ಮುಚ್ಚಿದ್ನಿ," ಅಂದರು ಕಾಕಾ, ಬಿದ್ದಲ್ಲಿಂದಲೇ. "ನಿಮಗ ಕಾಣಬಾರ್ದಂತ ನಾನ ಬಣ್ಣ ಹಚ್ಚೇನ್ರಿ. ನಂದೂ ತಪ್ಪೈತಿ."

ಅಪ್ಪನ ಮೊದಲ ಏಟು ಅವರ ಕೆನ್ನೆಗೇ ಬಿತ್ತು. ಅವರು ಮುಖ ತಿರುಗಿಸಲಿಲ್ಲ. ಆಮೇಲೆ ಅಪ್ಪ ಕಾಲಿನ ಚಪ್ಪಲಿ ತೆಗೆದು ಅಣ್ಣನನ್ನು ಬಸ್ ಸ್ಟ್ಯಾಂಡಿನ ತುಂಬ ಅಟ್ಟಾಡಿಸಿ ಹೊಡೆದ. ಹೊಡೆಯುತ್ತ ತಾನೇ ಅಳುತ್ತಿದ್ದ. ಅದನ್ನು ನೋಡಿ ನನಗೆ ಸಮಾಧಾನವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಮತ್ತೊಂದು ಹೊಡೆತದ ಸದ್ದು, ಅಷ್ಟೇ. ಸಮಾಧಾನವಾದದ್ದು ಅದೇ ಬಸ್ಸಿನಲ್ಲಿ ನನ್ನನ್ನು ಅಪ್ಪ ಆಲಮಟ್ಟಿಗೆ ಕರೆದುಕೊಂಡು ಹೊರಟಾಗ. ಅಲ್ಲಿ ಅವನ ಒಂಟಿ ಕೋಣೆಯಲ್ಲಿ, ಬೇರೆಯವರ ಪುಸ್ತಕ ಓದಿ, ಪರೀಕ್ಷೆಯ ದಿನಗಳಲ್ಲಿ ಅಪ್ಪನ ಜೊತೆ ಬಸ್ಸಿಗೆ ಬಂದು ಹೋಗಿ ಪಾಸಾದೆ.

ಕಾಕಾನ ಮೂರು ಬೆರಳು ಮತ್ತೆ ಮಡಚಲಿಲ್ಲ. ಬಣ್ಣದ ಕಸುಬು ಅಲ್ಲಿಗೆ ಮುಗಿಯಿತು. ನರ್ಸಿಂಗ್ ಓದುವಾಗ ಒಮ್ಮೆ ಹೋಗಿ, "ಕಾಕಾ, ಹುಬ್ಬ ನಾ ಬರದು ಕೊಡ್ಲ್ಯಾ?" ಅಂದೆ. "ಬ್ಯಾಡವಾ. ಊರೆಲ್ಲಾ ನೋಡೇತಿ. ಹಗುರ ಆಗೇತಿ," ಎಂದು ನಕ್ಕರು. ಆಮೇಲಿನ ಹತ್ತು ವರ್ಷ ಆ ಬೋಳು ಹುಬ್ಬಿನಲ್ಲೇ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಬೈದರು.

ಅವರು ತೀರಿಕೊಂಡಾಗ ನಾನು ಸಿಂದಗಿಯ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಸುದ್ದಿ ಬಂದ ಕೂಡಲೇ ಬಸ್ಸು ಹತ್ತಿದೆ. ಮೈ ತೊಳೆದು ಕೂರಿಸಿದ್ದರು, ಹೂವು ಹಾಕಿದ್ದರು. ಹಳೆಯ ನಾಟಕದವರು ಯಾರೋ ಪ್ರೀತಿಯಿಂದ ಎಡಹುಬ್ಬನ್ನು ಕಾಡಿಗೆಯಿಂದ ತೀಡಿದ್ದರು. ಅವರ ಅಕ್ಕ, "ಚಂದ ಕಾಣ್ತಾನಲ್ಲಬೇ," ಎಂದು ಅತ್ತರು.

ನಾನು ಒಳಗೆ ಹೋಗಿ ಆ ತಗಡಿನ ಪೆಟ್ಟಿಗೆ ಹುಡುಕಿದೆ. ಬಾಟಲಿಯ ತಳದಲ್ಲಿ ಇನ್ನೂ ಚೂರು ಎಣ್ಣೆ ಇತ್ತು. ಅರಳೆ ಅದ್ದಿಕೊಂಡು ಬಂದು ಎಲ್ಲರ ಎದುರಿಗೇ ಕೂತು ಅವರ ಹುಬ್ಬು ಒರೆಸಿದೆ. ಯಾರೋ, "ಏ, ಏನ ಮಾಡಾಕತ್ತೀಯವಾ?" ಅಂದರು. ನಾನು ಒರೆಸುವುದನ್ನು ನಿಲ್ಲಿಸಲಿಲ್ಲ.