ಮೇಷ್ಟ್ರು ಬಿಸಾಡಿದ ಎರಡು ಎಕ್ಕ

ಮೊಬೈಲಿನಲ್ಲಿ ಜಾಗವಿಲ್ಲವೆಂದು ಮೊನ್ನೆ ಬೇಡದ್ದನ್ನೆಲ್ಲ ಅಳಿಸುತ್ತಾ ಕೂತಿದ್ದಾಗ ಹಳೆಯ ಟಿಪ್ಪಣಿಯೊಂದು ಸಿಕ್ಕಿತು. ತಲೆಬರಹ ‘ಮೇಷ್ಟ್ರು’, ಕೆಳಗೆ ಹನ್ನೊಂದು ಸಾಲು. ಓದುತ್ತಿದ್ದಂತೆ ಕಿವಿ ಬಿಸಿಯಾಯಿತು. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಫೋನನ್ನು ಬೋರಲು ಹಾಕಿದೆ.

ಮೇಷ್ಟ್ರು ಅಂದರೆ ನಮ್ಮ ಕೆಳಗಿನ ಮನೆಯ ನರಹರಿಯವರು. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಜೆ.ಪಿ. ನಗರದ ಈ ಬೀದಿಯಲ್ಲಿ ತರಕಾರಿ ಗಾಡಿಯವನಿಗೂ ಅವರು ಮೇಷ್ಟ್ರೇ. ಭಾನುವಾರ ಊಟವಾದ ಮೇಲೆ ಅವರು, ನಾನು, ನನ್ನ ಯಜಮಾನರು ಅವರ ವರಾಂಡದಲ್ಲಿ ಇಸ್ಪೀಟು ಹಿಡಿದು ಕೂರುತ್ತಿದ್ದೆವು. ರಮ್ಮಿ ಬೇಸರವಾಗಿ ಪೋಕರ್ ಶುರುವಾಯಿತು. ಗಾಬರಿಯಾಗಬೇಡಿ, ಪಣಕ್ಕಿದ್ದದ್ದು ಹುಣಸೆ ಬೀಜ. ಮೇಷ್ಟ್ರ ಹೆಂಡತಿ ಸಾವಿತ್ರಮ್ಮ ಹುಣಸೆಹಣ್ಣು ಬಿಡಿಸಿದಾಗಲೆಲ್ಲ ನಮ್ಮ ಡಬ್ಬಿಗಳು ತುಂಬುತ್ತಿದ್ದವು.

ಆದರೆ ಬೀಜವೇ ಆಗಲಿ, ಸೋಲುವುದು ನನ್ನ ಜಾಯಮಾನವಲ್ಲ. ಪೋಕರ್ ಕಲಿಸುವ, ಟೋಪಿ ಹಾಕಿಕೊಂಡ ವಿದೇಶಿ ಹುಡುಗರ ವಿಡಿಯೋಗಳನ್ನು ಸಾರು ಕುದಿಸುತ್ತಾ ನೋಡಿದೆ. “ಪಿಯುಸೀಲಿ ಹೀಗೆ ಓದಿದ್ರೆ ಡಾಕ್ಟರ್ ಆಗ್ತಿದ್ದೆ ಕಣೇ,” ಅಂದರು ಯಜಮಾನರು.

ಆಟ ಇಷ್ಟೆ: ಕೈಯಲ್ಲಿ ಎರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು. ನಾನು ಪಣ ಏರಿಸಿದರೆ ಎದುರಿನವರು ಅದರ ಮೇಲೆ ಮತ್ತೆ ಏರಿಸಬಹುದು. ಬಲ್ಲವರು ಹಾಗೆ ಏರಿಸುವಾಗ ಒಳ್ಳೆಯ ಎಲೆಗಳ ನಡುವೆ ಆಗೊಮ್ಮೆ ಈಗೊಮ್ಮೆ ಕೆಲಸಕ್ಕೆ ಬಾರದವನ್ನೂ ಬೆರೆಸುತ್ತಾರೆ, ಎದುರಾಳಿಗೆ ಗುಟ್ಟು ಗೊತ್ತಾಗದಿರಲೆಂದು. ಮೇಷ್ಟ್ರಲ್ಲಿ ಅಂಥ ಬೆರಕೆಯೇ ಇರಲಿಲ್ಲ. ರಾಜ, ರಾಣಿ, ಗುಲಾಮ ಬಂದರೆ ಸಾಕು, ಜೊತೆಗೆ ಎಂಥ ಎಲೆಯಿದ್ದರೂ “ಇನ್ನೊಂದ್ ಹಿಡಿ!” ಎಂದು ಬೀಜ ಸುರಿಯುತ್ತಿದ್ದರು. ಒಂಬತ್ತರ ಜೋಡಿ ಬಂದರೆ ಬಿಸಾಡುತ್ತಿದ್ದರು. ಅದೇ ನನ್ನ ಟಿಪ್ಪಣಿಯ ಮೊದಲ ಸಾಲಾಯಿತು.

ನಾನು ಆಟ ಬದಲಿಸಿದೆ. ಅವರು ಏರಿಸಿದಾಗ ನನ್ನ ಹತ್ತಿರ ಸಣ್ಣ ಜೋಡಿಯಿದ್ದರೂ ಬಿಡದೆ ನಿಂತೆ. ಮಧ್ಯದಲ್ಲಿ ಚಿತ್ರದ ಎಲೆ ಬೀಳದಿದ್ದರೆ ಅವರ ಕೈ ಬರಿದೆಂದು ಗೊತ್ತಿತ್ತಲ್ಲ. ಅವರು ಏರಿಸದೆ ಸುಮ್ಮನಿದ್ದ ಸಲ ಮಧ್ಯದಲ್ಲಿ ರಾಜ ಬಿದ್ದೊಡನೆ ನನ್ನ ಕೈಯಲ್ಲೂ ರಾಜನಿರುವಂತೆ ಬೀಜ ಸುರಿದು ಹೆದರಿಸಿದೆ. ವಾರದಿಂದ ವಾರಕ್ಕೆ ಅವರ ಬೀಜವೆಲ್ಲ ನನ್ನ ಡಬ್ಬಿಗೆ ಬಂತು. “ಏನಮ್ಮ, ನನ್ನ ಕೈಯೊಳಗೆ ಇಣುಕಿ ನೋಡ್ತೀಯೇನು?” ಎಂದು ನಗುತ್ತಿದ್ದರು.

ಒಮ್ಮೆ ಎಲೆಗಳನ್ನು ಜೋಡಿಸುವಾಗ ನೋಡುತ್ತೇನೆ, ಅವರು ಬಿಸಾಡಿದ್ದು ಎರಡು ಎಕ್ಕ! ಆ ಆಟದಲ್ಲಿ ಕೈಗೆ ಅದಕ್ಕಿಂತ ಒಳ್ಳೆಯ ಜೋಡಿ ಬರುವುದೇ ಇಲ್ಲ. ಸಂಭವನೀಯತೆಯ ಪಾಠ ಮಾಡಿದ ಮನುಷ್ಯ ಹೀಗೇಕೆ ಮಾಡಿದರು ಎಂದು ಒಂದು ಕ್ಷಣವಾದರೂ ಯೋಚಿಸಬೇಕಿತ್ತು. ನಾನು ಮೇಲೆ ಬಂದು ಬರೆದುಕೊಂಡೆ: ‘ಎಕ್ಕದ ಬೆಲೆ ಗೊತ್ತಿಲ್ಲ.’ ಮರುವಾರ ಇನ್ನೊಂದು ಸಾಲು: ‘ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಅಂಕಿಯ ಎಲೆ ಎಂದೇ ಅರ್ಥ.’

ಆಮೇಲೊಂದು ಸೋಮವಾರ ಮೇಷ್ಟ್ರು ಜಯನಗರದ ಮಾರ್ಕೆಟ್ಟಿನಲ್ಲಿ ಮೆಟ್ಟಿಲು ತಪ್ಪಿ ಬಿದ್ದರು. ಆಸ್ಪತ್ರೆಯಿಂದ ಬಂದ ಸಾವಿತ್ರಮ್ಮ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತರು. “ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆಯಂತೆ ಕಣೇ. ಬಣ್ಣ ಗೊತ್ತಾಗುತ್ತಂತೆ, ಅಕ್ಷರ, ಅಂಕಿ ಒಂದೂ ಇಲ್ಲ. ಆರು ತಿಂಗಳು ಮುಂಚೆ ಬಂದಿದ್ರೆ ಉಳಿಸಬಹುದಿತ್ತು ಅಂದ್ರು ಡಾಕ್ಟ್ರು. ಯಾರಿಗೂ ಗೊತ್ತೇ ಆಗ್ಲಿಲ್ವಲ್ಲೇ!”

ಇಸ್ಪೀಟಿನಲ್ಲೂ ಅವರಿಗೆ ಕಂಡದ್ದು ಬಣ್ಣದ ಚಿತ್ರಗಳಷ್ಟೇ. ನಾನು ಮೊದಲ ಸಾಲು ಬರೆದು ಎಂಟು ತಿಂಗಳಾಗಿತ್ತು. “ಅಯ್ಯೋ ಪಾಪ” ಎಂದು ಅವರಿಗೆ ಕಾಫಿ ಬಗ್ಗಿಸಿ ಕೊಟ್ಟೆ. ಅಷ್ಟು ನಾಚಿಕೆಗೇಡಿನ ಕಾಫಿಯನ್ನು ನಾನು ಜೀವಮಾನದಲ್ಲಿ ಮಾಡಿರಲಿಲ್ಲ. ಒಂದು ವರ್ಷ ಯಾರಿಗೂ ಬಾಯಿ ಬಿಡಲಿಲ್ಲ.

ಮೊನ್ನೆ ಮಾತ್ರ ಅಳಿಸುವ ಬದಲು ಕೆಳಗಿಳಿದು ಹೋಗಿ ಹನ್ನೊಂದು ಸಾಲನ್ನೂ ಮೇಷ್ಟ್ರಿಗೆ ಓದಿದೆ. ಅವರು ತರಗತಿಯಲ್ಲಿ ಕೂತವರ ಹಾಗೆ ಗಮನವಿಟ್ಟು ಕೇಳಿದರು.

“ಲೆಕ್ಕವೆಲ್ಲ ಸರಿಯಾಗೇ ಇದೆ,” ಎಂದರು. “ಮನೆಯವ್ಳಿಗೆ ಹೇಳೋಕೆ ಧೈರ್ಯ ಇರ್ಲಿಲ್ಲ ನಂಗೆ. ಎದುರಿಗೆ ಕೂತೋಳು ನೀನು. ಒಂದ್ಸಲ ಕೇಳ್ತೀಯ ಅಂತ ಕಾದೆ ಕಣಮ್ಮ.”

ನನಗೆ ಮುಖ ಎತ್ತಲಾಗಲಿಲ್ಲ. ಫೋನನ್ನು ಮಡಿಲಲ್ಲಿ ಬೋರಲು ಹಾಕಿ ಕೇಳಿದೆ: “ಈಗ ಎಷ್ಟು ಕಾಣುತ್ತೆ ಮೇಷ್ಟ್ರೇ?”

“ನಿನ್ನ ಸೀರೆ ಹಸುರು ಅನ್ನೋದು ಕಾಣುತ್ತೆ. ಅಳ್ತಿದೀಯೋ ನಗ್ತಿದೀಯೋ, ಅದು ಕಾಣಲ್ಲ.”

“ಅಳ್ತಿದೀನಿ ಮೇಷ್ಟ್ರೇ,” ಎಂದೆ.