ಕಿಟಕಿಗೆ ಕಟ್ಟಿದ ಫೋನು

ಪದ್ಮಾ ಬಾಯಾರು ಕೆಲಸ ಶುರು ಮಾಡುವ ಮೊದಲು ತಮ್ಮ ಸ್ಮಾರ್ಟ್‌ಫೋನನ್ನು ಕರವಸ್ತ್ರದಲ್ಲಿ ಸುತ್ತಿ ಕಿಟಕಿಯ ಮೇಲಿನ ಸರಳಿಗೆ ಕಟ್ಟುತ್ತಿದ್ದರು. ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ ಮಾತ್ರ. ಅಲ್ಲಿಂದ ಒಂದು ಕೇಬಲ್ ಇಳಿದು ಆಫೀಸಿನ ಕಂಪ್ಯೂಟರಿಗೆ ಸೇರುತ್ತಿತ್ತು. ಕಣಕುಂಬಿ ಕಡೆಯ ಕಾಡಿನೊಳಗಿನ ನಮ್ಮ ಹೈಸ್ಕೂಲಿಗೆ ಇಂಟರ್ನೆಟ್ ಎಂದರೆ ಇಷ್ಟೇ. ನಾನು ಅಲ್ಲಿ ಹೆಡ್‌ಮಾಸ್ತರ. ಅವರು ಗುತ್ತಿಗೆಯ ಮೇಲಿದ್ದ ಕಂಪ್ಯೂಟರ್ ಆಪರೇಟರ್.

ದಿನಾ ಖಾನಾಪುರದಿಂದ ಬಸ್ಸಿಗೆ ಬರುತ್ತಿದ್ದ ಅವರ ಸಿಟ್ಟು ಶಾಲೆಗೆಲ್ಲ ಗೊತ್ತು. ಪರದೆಯ ಮೇಲೆ ಚಕ್ರ ತಿರುಗತೊಡಗಿದರೆ ಮೊದಲು ಮರಾಠಿಯಲ್ಲಿ "ಚಲ್ ಗ ಬಾಯಿ, ಚಲ್" ಎಂದು ಮುದ್ದು ಮಾಡುವರು. ಕೇಳದಿದ್ದರೆ ಕನ್ನಡದಲ್ಲಿ ಅದರ ವಂಶವನ್ನೇ ಜಾಲಾಡುವರು. ಫೋನಿಗೆ ಕರೆ ಬಂದರೆ ನೆಟ್ ಕಡಿದುಹೋಗುತ್ತಿತ್ತು. ಒಮ್ಮೆ ಗಂಡನ ಕರೆ ಬಂದು, ಅರ್ಧ ಹೋಗಿದ್ದ ಪರೀಕ್ಷೆಯ ಅರ್ಜಿ ನಿಂತೇಬಿಟ್ಟಿತು. ಸ್ಟೂಲ್ ಹತ್ತಿ ಕರೆ ಕಟ್ ಮಾಡಿದವರೇ ಗುಡುಗಿದರು: "ಉಂಡೀ ಏನಂತ ಕೇಳಾಕ ಮಾಡ್ಯಾರ ನೋಡ್ರಿ! ಹತ್ತನೇತ್ತಿ ಹುಡುಗರ ಹೆಸರು ಹೋಗೂತನಕ ನನಗ ಗಂಡನೂ ಇಲ್ಲ, ಊಟಾನೂ ಇಲ್ಲ."

ಫೋನ್ ಜೋಡಿಸಿದ್ದು ಅವರ ಸ್ವಂತ ಹುಚ್ಚಾಟವಾಗಿರಲಿಲ್ಲ. ಇಂಟರ್ನೆಟ್ ಲೈನ್ ಕೊಡಿ ಎಂದು ಇಲಾಖೆಗೆ ಬರೆದ ಪತ್ರಗಳಿಗೆ ಉತ್ತರವೇ ಬಾರದಿದ್ದಾಗ ನಾನೇ ಹೇಳಿದ್ದೆ: "ಸದ್ಯಕ್ಕ ನಿಮ್ಮ ಫೋನ್ ಜೋಡಸ್ರಿ ಬಾಯಾರ. ಯಾರರ ಕೇಳಿದ್ರ ನಾ ಇದ್ದೀನಿ." ಬರೀ ಬಾಯಿಮಾತು. ಅದನ್ನು ನಂಬಿ ಅವರು ಎರಡು ವರ್ಷ ದುಡಿದರು.

ಒಂದು ದಿನ ಬೆಳಗಾವಿಯಿಂದ ತಪಾಸಣೆಗೆ ಇಲಾಖೆಯ ಸಾಹೇಬರು ಬಂದರು. ಅವರು ಬರುವ ಸುದ್ದಿಯ ಪತ್ರ ನಮಗೆ ಮುಟ್ಟಿದ್ದೂ ಅದೇ ಫೋನಿನ ನೆಟ್ಟಿನಲ್ಲಿ, ಹಾಳಾಗಿ ಹೋಗಲಿ! ಕಿಟಕಿ ನೋಡಿದವರೇ ಕೆಂಡವಾದರು.

"ಸರ್ಕಾರಿ ಕಂಪ್ಯೂಟರಿಗೆ ಖಾಸಗಿ ಫೋನಾ? ಮಕ್ಕಳ ಮಾಹಿತಿ ಹೊರಗ ಹೋದ್ರ ಯಾರು ಹೊಣಿ? ಯಾರ ಪರವಾನಗಿ ತಗೊಂಡಿ?"

ಬಾಯಾರು ನನ್ನ ಕಡೆ ನೋಡಿದರು. ನಾನು ಹಾಜರಿ ಪುಸ್ತಕದ ಹಾಳೆ ತಿರುವುತ್ತ ನಿಂತೆ. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಪೆನ್ಷನ್ನಿಗೆ ಎಲ್ಲಿ ಕಲ್ಲು ಬೀಳುತ್ತದೋ ಎಂಬ ಹೆದರಿಕೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ! ಬಾಯಾರು ನನ್ನ ಮೇಲಿಂದ ಕಣ್ಣು ತೆಗೆದು ಸಾಹೇಬರ ಕಡೆ ತಿರುಗಿದರು. ಆಮೇಲೆ "ನಾನ ಜೋಡ್ಸೀನ್ರಿ" ಎಂದರು.

ಮುಂದಿನ ತಿಂಗಳೇ ಅವರ ಗುತ್ತಿಗೆ ಮುಗಿಸಿದರು. "ಅನುಮತಿ ನೀಡಿರಲಿಲ್ಲ" ಎಂಬ ಕಾಗದಕ್ಕೆ ಸಹಿ ಹಾಕಿದವನು ನಾನೇ. ಆ ಸಾಹೇಬರನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಆದರೆ ಅವರಿಗೆ ನಿಜ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ನಿವೃತ್ತಿಯಾದ ಮೇಲೆ ಬೆಳಗಾವಿಯಲ್ಲಿ ಮನೆ ಮಾಡಿದೆ. ಬಾಯಾರು ಊರ ಹೊರಗಿನ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಬಿಲ್ ಟೈಪ್ ಮಾಡುತ್ತಾರೆಂದು ಕೇಳಿ ಹೋದ ವರ್ಷ ಹುಡುಕಿಕೊಂಡು ಹೋದೆ. ಊಟದ ಬಿಡುವಿನಲ್ಲಿ ಗೇಟಿಗೆ ಬಂದರು.

"ತಪ್ಪು ನಂದು ಬಾಯಾರ. ಫೋನ್ ಜೋಡಸ್ರಿ ಅಂದಾಂವ ನಾನ," ಎಂದೆ.

"ಅದನ್ನ ನನಗ್ಯಾಕ ಹೇಳ್ತೀರಿ ಸರ? ನನಗ ಗೊತ್ತೈತಲ್ಲ!" ಅವರು ರಸ್ತೆಯ ಕಡೆ ಕೈ ತೋರಿಸಿದರು. "ಸಾಹೇಬರ ಆಫೀಸು ಇಲ್ಲಿಂದ ಬಸ್ಸಿಗೆ ಅರ್ಧ ತಾಸು. ಈಗ ತಗದಿರ್ತದ. ಹೋಗಿ ಅಲ್ಲೆ ಹೇಳ್ರಿ."

ತಿರುಗಿ ನೋಡದೆ ಒಳಗೆ ಹೋದರು. ನಾನು ಬಸ್ಸು ಹತ್ತಿದೆ. ಆ ಆಫೀಸಿನ ಸ್ಟಾಪ್ ಬಂತು, ಕಂಡಕ್ಟರ್ ಎರಡು ಸಲ ಕೂಗಿದ. ನಾನು ಕುಳಿತೇ ಇದ್ದೆ.